ಊರ ಪಕ್ಕ ಖಾಸಗಿ ಕಸದ ಗುಂಡಿ ಬರುತ್ತಂತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಮೀನು ಅಗ್ಗ, ಮಳೆ ಕಡಿಮೆ, ಮನೆಗಳು ದೂರ ದೂರ. ಕಸ ಹೂಳಲು ಜಾಗ ಹುಡುಕುವ ಕಂಪನಿಗಳಿಗೆ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಊರುಗಳು ಕಣ್ಣಿಗೆ ಬೀಳೋದು ಇದಕ್ಕೇ. ನಾನು ಕೊಪ್ಪಳ ಜಿಲ್ಲೆಯ ಒಂದು ಸಣ್ಣ ಊರಿನವನು. ಇಂಥ ಪ್ರಸ್ತಾವ ಬಂದಾಗ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ. ಓದಿ, ನಿಮ್ಮ ವಾರ್ಡಿನ ಸದಸ್ಯರಿಗೂ ಓದಿಸಿ.

ಲ್ಯಾಂಡ್‌ಫಿಲ್ ಅಂದ್ರೆ ನಮ್ಮೂರ ಡಂಪಿಂಗ್ ಯಾರ್ಡ್ ಥರಾನೇ ಅಲ್ವಾ?

ಅಲ್ಲ. ಡಂಪಿಂಗ್ ಯಾರ್ಡ್ ಅಂದರೆ ಬಯಲಲ್ಲಿ ಕಸ ಸುರಿದು ಬರುವ ಜಾಗ. ಲ್ಯಾಂಡ್‌ಫಿಲ್ ಅಂದರೆ ತಳ ಕಟ್ಟಿ, ಪದರ ಪದರವಾಗಿ ಕಸ ಹೂಳಿ, ಮೇಲೆ ಮುಚ್ಚುವ ಗುಂಡಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಹೇಗೆ ಕಟ್ಟಬೇಕು ಅಂತ ಬಿಡಿಸಿ ಹೇಳಿದವು. ತಳದಲ್ಲಿ 90 ಸೆಂ.ಮೀ. ದಪ್ಪದ ಜೇಡಿ ಮಣ್ಣು ಹಾಕಿ ಬಿಗಿಯಾಗಿ ಕೂರಿಸಬೇಕು. ಅದರ ಮೇಲೆ 1.5 ಮಿ.ಮೀ. ದಪ್ಪದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆ ಹಾಸಬೇಕು. ನೆಲದೊಳಗಿನ ನೀರಿನ ಮಟ್ಟ ಎಷ್ಟೇ ಮೇಲೆ ಬಂದರೂ ಈ ಮಣ್ಣಿನ ಪದರಕ್ಕಿಂತ 2 ಮೀಟರ್ ಕೆಳಗೇ ಇರಬೇಕು. ದಿನದ ಕೆಲಸ ಮುಗಿದ ಮೇಲೆ ಕಸದ ಮೇಲೆ ಕನಿಷ್ಠ 10 ಸೆಂ.ಮೀ. ಮಣ್ಣು ಹಾಕಬೇಕು. ಮಳೆಗಾಲಕ್ಕೆ ಮುಂಚೆ 40ರಿಂದ 65 ಸೆಂ.ಮೀ. ಮುಚ್ಚಿಗೆ ಬೇಕು.

ಇದೆಲ್ಲ ಸರಿಯಾಗಿ ನಡೆದರೆ ಲ್ಯಾಂಡ್‌ಫಿಲ್ ಬಯಲು ಡಂಪಿಗಿಂತ ಎಷ್ಟೋ ಮೇಲು. ಇದನ್ನು ನಾನು ಒಪ್ಪುತ್ತೇನೆ. ಆದರೆ ತಳದ ಹಾಳೆಯನ್ನು ಹಾಸುವ ದಿನ ಮಾತ್ರ ಕಣ್ಣಿಂದ ನೋಡಬಹುದು. ಕಸ ಬಿದ್ದ ಮೇಲೆ ಅದು ಹರಿದಿದೆಯೋ ಇಲ್ಲವೋ ಅಂತ ಬಗ್ಗಿ ನೋಡಲು ಯಾರಿಗೂ ಆಗೋದಿಲ್ಲ. ಕೆಳಗಿನ ಬೋರಿನ ನೀರೇ ಹೇಳಬೇಕು.

ಎಲ್ಲಕ್ಕಿಂತ ಮೊದಲು ಏನು ಕೇಳಬೇಕು?

ಇದು ಯಾರ ಕಸ ಅಂತ ಕೇಳಿ.

ಲೆಕ್ಕ ಸುಲಭ. ಊರಲ್ಲಿ 40,000 ಜನ ಇದ್ದಾರೆ, ತಲೆಗೆ ದಿನಕ್ಕೆ 300 ಗ್ರಾಂ ಕಸ ಅಂತ ಇಟ್ಟುಕೊಳ್ಳಿ. ದಿನಕ್ಕೆ 12 ಟನ್ ಆಯಿತು. ಅದರಲ್ಲಿ ಅರ್ಧದಷ್ಟು ಹಸಿ ಕಸ, ಗೊಬ್ಬರ ಆಗುವಂಥದ್ದು. ಗುಜರಿಗೆ ಹೋಗುವುದನ್ನೂ ಆರಿಸಿ ತೆಗೆದರೆ ನಿಜವಾಗಿ ಹೂಳಬೇಕಾದ್ದು ಎರಡು ಮೂರು ಟನ್ ಉಳಿಯಬಹುದು. ಈಗ ಕಂಪನಿಯ ಅರ್ಜಿ ತೆಗೆದು ನೋಡಿ. ಅಲ್ಲಿ ದಿನಕ್ಕೆ 300 ಟನ್ ಅಂತ ಇದ್ದರೆ ಉಳಿದದ್ದು ಎಲ್ಲಿಂದ ಬರುತ್ತೆ? ಯಾವ ಊರಿಂದ, ಯಾವ ಕಾರ್ಖಾನೆಯಿಂದ, ಎಷ್ಟು ವರ್ಷ? "ನಿಮ್ಮೂರ ಕಸದ ಸಮಸ್ಯೆ ಬಗೆಹರಿಸುತ್ತೇವೆ" ಅಂತ ಶುರುವಾದ ಮಾತು ಈ ಪ್ರಶ್ನೆಗೆ ಬಂದು ನಿಲ್ಲಲೇಬೇಕು. ಉತ್ತರ ಬಾಯಲ್ಲಿ ಬೇಡ, ಬರವಣಿಗೆಯಲ್ಲಿ ತಗೊಳ್ಳಿ.

ಬೆಂಗಳೂರಿನ ಕಸ ವರ್ಷಗಟ್ಟಲೆ ಮಂಡೂರಿಗೆ ಹೋಯಿತು. ಊರವರು ರಸ್ತೆಗಿಳಿದು ಹೋರಾಡಿದ ಮೇಲೆ 2014ರ ಕೊನೆಗೆ ನಿಂತಿತು. ಲಾರಿ ನಿಂತ ಮೇಲೂ ಕಸದ ಗುಡ್ಡ ಅಲ್ಲೇ ಉಳಿಯಿತು. ತಾವು ಮಾಡದ ಕಸಕ್ಕೆ ಅವರು ಅಷ್ಟು ವರ್ಷ ಮೂಗು ಮುಚ್ಚಿಕೊಂಡು ಬದುಕಿದರು.

ಕಸ ಅಂದ್ರೆ ಕಸ. ಅದರಲ್ಲಿ ಯಾವುದು, ಯಾವುದಲ್ಲ ಅಂತ ಕೇಳೋದು ಯಾಕೆ?

ನಮ್ಮ ಸುತ್ತ ಉಕ್ಕು ಮತ್ತು ಸ್ಪಾಂಜ್ ಐರನ್ ಕಾರ್ಖಾನೆಗಳಿವೆ, ಶಕ್ತಿನಗರದಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇದೆ, ಗಂಗಾವತಿ ಕಾರಟಗಿ ಕಡೆ ಅಕ್ಕಿ ಗಿರಣಿಗಳಿವೆ. ಇವುಗಳ ಬೂದಿ, ಕೆಸರು, ರಾಸಾಯನಿಕ ಮನೆ ಕಸದಂತಲ್ಲ. ಅಪಾಯಕಾರಿ ತ್ಯಾಜ್ಯಕ್ಕೆ ಬೇರೆ ನಿಯಮ ಇದೆ, ಆಸ್ಪತ್ರೆ ಕಸಕ್ಕೆ ಇನ್ನೊಂದು ಇದೆ. ಎರಡೂ 2016ರವೇ. ಅಪಾಯಕಾರಿ ತ್ಯಾಜ್ಯದ ಗುಂಡಿಗೆ ತಳ ಕಟ್ಟುವ ರೀತಿ ಬೇರೆ, ಪರವಾನಗಿಯೂ ಬೇರೆ.

ಅರ್ಜಿಯಲ್ಲಿ "ಘನತ್ಯಾಜ್ಯ ಮತ್ತು ಇತರೆ" ಅಂತ ಬರೆದಿದ್ದರೆ ಆ "ಇತರೆ" ಪದದ ಮೇಲೆ ಬೆರಳಿಟ್ಟು ಕೇಳಿ.

ಇನ್ನೊಂದು ಮಾತು. ನಿಯಮದ ಪ್ರಕಾರ ಲ್ಯಾಂಡ್‌ಫಿಲ್‌ಗೆ ಹೋಗಬೇಕಾದ್ದು ಕೊಳೆಯದ, ಮರುಬಳಕೆಗೆ ಬಾರದ, ಉರಿಸಲೂ ಬಾರದ ಉಳಿಕೆ ಮಾತ್ರ. ಹಸಿ ಕಸ ಸೇರಿಸಿ ಸುರಿಯುವ ಯೋಜನೆ ಇದ್ದರೆ ಅದು ಕಾಗದದ ಮೇಲೇ ಎಡವಿದೆ ಅಂತ ತಿಳಿಯಿರಿ.

ಜಾಗ ಸರಿ ಇದೆಯೋ ಇಲ್ಲವೋ ನಮ್ಮಂಥವರಿಗೆ ಹೇಗೆ ಗೊತ್ತಾಗುತ್ತೆ?

ಒಂದಷ್ಟನ್ನು ನೀವೇ ಅಳೆಯಬಹುದು. 2016ರ ನಿಯಮಗಳಲ್ಲಿ ಹೇಳಿದ ದೂರ ಹೀಗಿತ್ತು: ನದಿಯಿಂದ 100 ಮೀಟರ್, ಕೆರೆ, ಹೆದ್ದಾರಿ, ಮನೆಗಳು, ಉದ್ಯಾನ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್, ವಿಮಾನ ನಿಲ್ದಾಣದಿಂದ 20 ಕಿ.ಮೀ. ಕಸಕ್ಕೆ ಹದ್ದು ಕಾಗೆ ಮುತ್ತುತ್ತವೆ, ವಿಮಾನಕ್ಕೆ ಅದು ಅಪಾಯ. ತೋರಣಗಲ್ಲಿನ ಪಕ್ಕದ ವಿದ್ಯಾನಗರ ವಿಮಾನ ನಿಲ್ದಾಣ, ರಾಯಚೂರಿನ ಯರಮರಸ್ ವಿಮಾನ ನಿಲ್ದಾಣದ ಜಾಗದ ಹತ್ತಿರ ಇರುವವರು ಇದನ್ನು ನೆನಪಿಡಬೇಕು. ನೂರು ವರ್ಷದಲ್ಲಿ ನೆರೆ ಬಂದ ಬಯಲು, ಜೌಗು ಪ್ರದೇಶ, ವನ್ಯಜೀವಿಗಳ ಮುಖ್ಯ ನೆಲೆಗಳಲ್ಲಿ ಮಾಡುವಂತೆಯೇ ಇಲ್ಲ. ಗಂಗಾವತಿ ತಾಲ್ಲೂಕಿನ ಬಂಕಾಪುರದ ತೋಳಧಾಮದ ಸುತ್ತಲಿನವರು ಇದನ್ನು ಎತ್ತಬೇಕು. ಈ 2016ರ ನಿಯಮಗಳ ಜಾಗಕ್ಕೆ 2026ರಲ್ಲಿ ಹೊಸ ನಿಯಮಗಳು ಬಂದಿವೆ, ಇಲ್ಲಿ ಹೇಳಿದ ಅಳತೆಗಳು ಬದಲಾಗಿರಬಹುದು. ಸಭೆಗೆ ಹೋಗುವಾಗ ಜಾರಿಯಲ್ಲಿರುವ ಪ್ರತಿಯನ್ನೇ ಕೈಯಲ್ಲಿ ಹಿಡಿದಿರಿ.

ನನ್ನ ಮಟ್ಟಿಗೆ 200 ಮೀಟರ್ ಬಹಳ ಕಡಿಮೆ. ಸಂಜೆ ಹೊಲದಿಂದ ಮನೆಗೆ ಬರುವ ಮಗು ಮೂರು ನಿಮಿಷದಲ್ಲಿ ನಡೆಯುವ ದೂರ ಅದು. ಕಾನೂನು ಹೇಳುವುದು ಕನಿಷ್ಠ. ಊರು ಅದಕ್ಕಿಂತ ಜಾಸ್ತಿ ಕೇಳಬಹುದು, ಕೇಳಬೇಕು.

ನಕ್ಷೆ ನೋಡಿದ್ದು ಸಾಲದು, ದೊಡ್ಡ ಮಳೆ ಬಂದ ಮರುದಿನ ಆ ಜಾಗದ ಸುತ್ತ ನಡೆದು ಬನ್ನಿ. ನೀರು ಎಲ್ಲಿ ನಿಂತಿದೆ, ಯಾವ ಕಡೆ ಹರಿದು ಯಾವ ಹಳ್ಳ ಸೇರುತ್ತೆ ಅಂತ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬೇಸಿಗೆಯಲ್ಲಿ ನೋಡಲು ಬಂದ ಇಂಜಿನಿಯರಿಗೆ ಒಣಗಿದ ಹಳ್ಳ ಬರೀ ತಗ್ಗಿನಂತೆ ಕಾಣುತ್ತೆ. ಅಲ್ಲಿ ಕುರಿ ಕಾಯುವವರನ್ನು ಕೇಳಿ, ಯಾವ ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೋಲಿನಿಂದ ತೋರಿಸುತ್ತಾರೆ. ಕೊಪ್ಪಳದ ಹಿರೇಹಳ್ಳವನ್ನು 2019ರಲ್ಲಿ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಸೇರಿ ಸ್ವಚ್ಛ ಮಾಡಿದ್ದು ನಿಮಗೆ ನೆನಪಿರಬಹುದು. ಒಂದು ಹಳ್ಳ ಎಷ್ಟು ಊರುಗಳ ಬಾವಿಗೆ ಜೀವ ಅನ್ನೋದು ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪಹಣಿಯನ್ನೂ ತೆಗೆಸಿ. ಸರ್ವೆ ನಂಬರ್ ಯಾರ ಹೆಸರಲ್ಲಿದೆ, ಗಾಯರಾಣವೋ (ಗೋಮಾಳ) ಪಟ್ಟಾ ಜಮೀನೋ, ಕೃಷಿಯೇತರ ಬಳಕೆಗೆ ಜಿಲ್ಲಾಧಿಕಾರಿ ಅನುಮತಿ ಆಗಿದೆಯೋ ಇಲ್ಲವೋ ನೋಡಿ. ಆಗಿದ್ದರೆ ಯಾವ ಉದ್ದೇಶ ಅಂತ ಆದೇಶದಲ್ಲಿ ಬರೆದಿರುತ್ತೆ. ಗೋದಾಮಿಗೆ ಅಂತ ಎನ್‌ಎ (ಕೃಷಿಯೇತರ) ಮಾಡಿಸಿದ ಜಾಗದಲ್ಲಿ ಕಸ ಹೂಳಲು ಬರೋದಿಲ್ಲ.

ಹಳೇ ಕಲ್ಲು ಕ್ವಾರಿ ಸುಮ್ನೆ ಖಾಲಿ ಬಿದ್ದಿದೆ. ಅದನ್ನೇ ತುಂಬಿದರೆ ಏನು ತಪ್ಪು?

ನೋಡಲು ಸಿದ್ಧ ಗುಂಡಿ, ನಿಜ. ಆದರೆ ನಮ್ಮ ಕಡೆಯದು ಗ್ರಾನೈಟ್ ಮತ್ತು ನೈಸ್ ಬಂಡೆಯ ನೆಲ. ಇಲ್ಲಿ ಬೋರಿನ ನೀರು ಸಿಗೋದೇ ಬಂಡೆಯ ಬಿರುಕುಗಳಲ್ಲಿ. ಬೋರು ಕೊರೆಯುವವರು "ಸಂದು ಸಿಕ್ಕಿತು" ಅಂತಾರಲ್ಲ, ಅದೇ. ಕ್ವಾರಿಯಲ್ಲಿ ವರ್ಷಗಟ್ಟಲೆ ಸಿಡಿಮದ್ದು ಸಿಡಿಸಿದ್ದರೆ ಬಿರುಕು ಇನ್ನೂ ಬಾಯಿ ಬಿಟ್ಟಿರುತ್ತೆ. ಕ್ವಾರಿಯ ತಳದಿಂದ ಹೊರಟ ಕೊಳೆನೀರು ಯಾವ ಸಂದು ಹಿಡಿದು ಯಾರ ಬೋರಿಗೆ ಹೋಗುತ್ತೆ ಅಂತ ಹೇಳೋದು ಭೂಗರ್ಭ ತಜ್ಞರಿಗೂ ಕಷ್ಟ. ಪಕ್ಕದ ಬೋರು ಚೆನ್ನಾಗಿದ್ದು, ಅದರಾಚೆಯ ಹೊಲದ ಬೋರು ಕೆಡಬಹುದು.

ಕ್ವಾರಿಯ ತಳದಲ್ಲಿ ಬೇಸಿಗೆಯಲ್ಲೂ ನೀರು ನಿಂತಿದೆಯಾ ನೋಡಿ. ನಿಂತಿದ್ದರೆ ಅದು ಒಸರುವ ನೀರಿರಬಹುದು. ಹಾಗಿದ್ದರೆ 2 ಮೀಟರ್ ನಿಯಮ ಅಲ್ಲೇ ಮುರಿಯುತ್ತೆ. ಕಡಿದಾದ ಕಲ್ಲಿನ ಗೋಡೆಗೆ ಪ್ಲಾಸ್ಟಿಕ್ ಹಾಳೆ ಕೂರಿಸೋದೂ ಸುಲಭ ಅಲ್ಲ, ಚೂಪು ಕಲ್ಲು ತಾಗಿದರೆ ಹರಿಯುತ್ತೆ.

ಎರೆ ಮಣ್ಣು ನೀರೇ ಬಿಡಲ್ಲ ಅಂತಾರೆ. ಹಾಗಾದ್ರೆ ಎರೆ ಹೊಲ ಸೇಫ್ ಅಲ್ವಾ?

ಮಳೆಗಾಲದ ಎರೆ ನೋಡಿ ಹೇಳುವ ಮಾತು ಇದು. ಏಪ್ರಿಲ್‌ನಲ್ಲಿ ಅದೇ ಹೊಲಕ್ಕೆ ಹೋಗಿ. ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತೆ. ಎರೆ ಹಸಿಯಾದಾಗ ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ. ಎರೆ ನೆಲದ ಮೇಲೆ ಕಟ್ಟಿದ ಮನೆ ಗೋಡೆ ಸೀಳೋದು ಇದಕ್ಕೇ. ತಳದ ಪದರಕ್ಕೆ ನಿಯಮ ಹಾಕಿರುವ ಅಳತೆ ಎಷ್ಟು ಬಿಗಿ ಅಂದರೆ, ಅಂದಾಜಿನಲ್ಲಿ ವರ್ಷಕ್ಕೆ ಮೂರು ಸೆಂಟಿಮೀಟರಿನಷ್ಟು ನೀರು ಮಾತ್ರ ಅದರ ಮೂಲಕ ಇಳಿಯಬಹುದು. ಹೊಲದ ಎರೆಯನ್ನು ಹಾಗೇ ಬಿಟ್ಟರೆ ಆ ಬಿಗಿ ಬರೋದಿಲ್ಲ. ಮಣ್ಣು ಪರೀಕ್ಷೆಯ ವರದಿ ಕೇಳಿ. ಮಸಾರಿ (ಕೆಂಪು ಮಣ್ಣಿನ) ನೆಲವಾದರೆ ಜೇಡಿ ಮಣ್ಣನ್ನು ಹೊರಗಿಂದ ತರಬೇಕು. ಎಲ್ಲಿಂದ ತರುತ್ತಾರೆ, ಯಾವ ಕೆರೆ ಅಗೆಯುತ್ತಾರೆ ಅಂತಲೂ ಕೇಳಿ.

ನಮ್ಮ ಬಾವಿ, ಬೋರಿನ ನೀರು ಕೆಟ್ಟರೆ?

ಇದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಾನು ಈ ಪುಟ ಬರೆಯಲು ಕೂತದ್ದೇ ಈ ಪ್ರಶ್ನೆಗೋಸ್ಕರ.

ನಮ್ಮ ಕಾಕಾನ ಹೊಲ ಊರಿನ ಹಳೇ ಕಸದ ಜಾಗದ ಇಳಿಜಾರಿನಲ್ಲಿದೆ. ಮೊದಮೊದಲು ಬೋರಿನ ನೀರು ಸ್ವಲ್ಪ ಮಬ್ಬಾಯಿತು. ಆಮೇಲೆ ಬಾನಿಯ ಅಂಚಿಗೆ ನೊರೆ ಕಟ್ಟತೊಡಗಿತು, ಕೈಯಿಂದ ಸರಿಸಿದರೂ ಮತ್ತೆ ಬಂದು ಕೂರೋದು. ಒಂದು ಸಂಜೆ ಎಮ್ಮೆ ಬಾನಿಗೆ ಮೂತಿ ತಂದು, ಮೂಸಿ, ಜೋರಾಗಿ ಉಸಿರು ಬಿಟ್ಟು ಹಿಂದೆ ಸರಿಯಿತು. ದಿನಾ ಕುಡಿಯುತ್ತಿದ್ದ ನೀರು ಅದು. ಕಾಕಾ ಅದೇ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಕಚೇರಿಗೆ ಹೋದರು. "ಮೊದಲು ಹೇಗಿತ್ತು? ಹಳೇ ರಿಪೋರ್ಟ್ ಇದೆಯಾ?" ಅಂತ ಅಲ್ಲಿಯ ಅಧಿಕಾರಿಗಳು ಕೇಳಿದರು. ನಮ್ಮ ಹತ್ರ ಒಂದು ಚೀಟಿಯೂ ಇರಲಿಲ್ಲ. ಈ ಭಾಗದ ನೀರೇ ಸವಳು ಅಂತ ಬರೆದು ಕಡತ ಮುಚ್ಚಿದರು. ಆ ಬೋರು ಈಗಲೂ ಮುಚ್ಚಿದೆ.

ಅವರು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ರಾಯಚೂರು, ಕೊಪ್ಪಳ ಕಡೆ ನೀರಲ್ಲಿ ಫ್ಲೋರೈಡ್ ಇದೆ, ಎಷ್ಟೋ ಕಡೆ ಉಪ್ಪೂ ಜಾಸ್ತಿ. ನಾಳೆ ಕಂಪನಿಯೂ ಇದೇ ಮಾತು ಹೇಳುತ್ತೆ. ಅದಕ್ಕೆ ಗುದ್ದಲಿ ಬೀಳುವ ಮುಂಚೆಯೇ ಊರಿನ ನೀರಿನ ಜಾತಕ ಬರೆಸಿಡಬೇಕು.

ಹೇಗೆ ಅಂತ ಹೇಳುತ್ತೇನೆ. ಹತ್ತು ಹನ್ನೆರಡು ಬಾವಿ, ಬೋರು ಆರಿಸಿ. ಇಳಿಜಾರಿನ ಕಡೆ ಜಾಸ್ತಿ ಇರಲಿ. ಮೇಲ್ಭಾಗದ ಎರಡು ಬೋರನ್ನೂ ಸೇರಿಸಿ, ಮುಂದೆ ಹೋಲಿಸಿ ನೋಡಲು ಅವು ಬೇಕು. ಮೋಟರ್ ಹಾಕಿ ಐದರಿಂದ ಹತ್ತು ನಿಮಿಷ ನೀರು ಹರಿಯಲು ಬಿಡಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಬಾಟಲಿ ಪ್ರಯೋಗಾಲಯದಿಂದಲೇ ತರುವುದು ಒಳ್ಳೇದು, ಭಾರ ಲೋಹದ ಪರೀಕ್ಷೆಗೆ ಬೇರೆ ಬಾಟಲಿ ಕೊಡುತ್ತಾರೆ. ಬಾಟಲಿ ಮೇಲೆ ಸರ್ವೆ ನಂಬರ್, ದಿನಾಂಕ, ಹೊತ್ತು ಬರೆಯಿರಿ. ತುಂಬುವಾಗ ಫೋಟೊ ತೆಗೆಯಿರಿ, ಇಬ್ಬರು ಸಾಕ್ಷಿ ಸಹಿ ಹಾಕಲಿ. ನೆರಳಲ್ಲಿ, ತಂಪಾಗಿ ಇಟ್ಟು ಅದೇ ದಿನ ತಲುಪಿಸಿ. ಜಿಲ್ಲೆಯಲ್ಲಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯ ಇರುತ್ತೆ. ದುಡ್ಡು ಕೂಡಿಸಲು ಆದರೆ ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೂ ಕೊಡಿ.

ಏನೇನು ನೋಡಿಸಬೇಕು? ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಮೊತ್ತ), ಕ್ಲೋರೈಡ್, ನೈಟ್ರೇಟ್, ಅಮೋನಿಯಾ, ಸಿಒಡಿ (ನೀರಲ್ಲಿ ಕೊಳೆ ಎಷ್ಟಿದೆ ಅನ್ನುವ ಅಳತೆ), ಫ್ಲೋರೈಡ್, ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ ಟಿಡಿಎಸ್ 500 ಮಿ.ಗ್ರಾಂ, ಕ್ಲೋರೈಡ್ 250 ಮಿ.ಗ್ರಾಂ, ಫ್ಲೋರೈಡ್ 1 ಮಿ.ಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ ಕ್ರಮವಾಗಿ 2000, 1000 ಮತ್ತು 1.5ರವರೆಗೆ ಬಿಡುತ್ತಾರೆ. ನೈಟ್ರೇಟ್ 45 ದಾಟಬಾರದು. ಕಸದ ರಸ, ಅಂದರೆ ಕಸದಿಂದ ಇಳಿಯುವ ಕೊಳೆನೀರು, ಸೇರಿದರೆ ಸಾಮಾನ್ಯವಾಗಿ ಕ್ಲೋರೈಡ್, ಅಮೋನಿಯಾ ಬೇಗ ಏರುತ್ತವೆ. ಅವೇ ಮೊದಲ ಸುಳಿವು.

ಇದನ್ನು ಬೇಸಿಗೆ, ಮಳೆಗಾಲ, ಮಳೆ ಮುಗಿದ ಮೇಲೆ, ಹೀಗೆ ಮೂರು ಸಲ ಮಾಡಿಸಿ. ಲ್ಯಾಂಡ್‌ಫಿಲ್ ನಡೆಸುವವರೂ ಸುತ್ತಲಿನ 50 ಮೀಟರ್ ಒಳಗಿನ ಅಂತರ್ಜಲವನ್ನು ಈ ಮೂರು ಕಾಲದಲ್ಲಿ ಪರೀಕ್ಷೆ ಮಾಡಿಸಬೇಕು ಅಂತ 2016ರ ನಿಯಮದಲ್ಲೇ ಇತ್ತು. ವರದಿಗಳನ್ನು ಪುರಸಭೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಮಠದಲ್ಲೋ ದರ್ಗಾದಲ್ಲೋ ಒಂದು ಪ್ರತಿ ಇಡಿ. ಒಂದೇ ಮನೆಯ ಟ್ರಂಕಿನಲ್ಲಿ ಇಟ್ಟ ಕಾಗದ ಬೇಕಾದಾಗ ಸಿಗೋದಿಲ್ಲ.

ನಮ್ಮ ಕಡೆ ಮಳೇನೇ ಕಡಿಮೆ. ಕಸದ ರಸ ಎಲ್ಲಿಂದ ಬರುತ್ತೆ?

ಒಂದು ಎಕರೆ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 4 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 80 ಟ್ಯಾಂಕರ್. ನಮ್ಮಲ್ಲಿ ವರ್ಷದ ಮಳೆ ಕಡಿಮೆ, ಆದರೆ ಬಂದರೆ ಎರಡು ಮೂರು ದಿನದಲ್ಲಿ ಸುರಿದು ಹೋಗುತ್ತೆ. ತೆರೆದ ಕಸದ ಮೇಲೆ ಬಿದ್ದದ್ದೆಲ್ಲ ಕಪ್ಪು ರಸವಾಗಿ ಇಳಿಯುತ್ತೆ. ಹಸಿ ಕಸ ಇದ್ದರೆ ಮಳೆ ಇಲ್ಲದೆಯೂ ರಸ ಬರುತ್ತೆ. ಆ ರಸ ಹಿಡಿಯುವ ಹೊಂಡ ಎಷ್ಟು ದೊಡ್ಡದು, ಅದನ್ನು ಶುದ್ಧ ಮಾಡುವ ಘಟಕ ಎಲ್ಲಿದೆ, ಕರೆಂಟ್ ಹೋದಾಗ ಪಂಪು ಹೇಗೆ ನಡೆಯುತ್ತೆ ಅಂತ ಕೇಳಿ.

2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜಾರಿ, ಕೆಳಗಿನ ಮಂದಾರದ ಮನೆ ಮತ್ತು ಅಡಿಕೆ ತೋಟಗಳ ಮೇಲೆ ಬಂತು. ಅಲ್ಲಿಯ ಮಳೆ ನಮ್ಮದಲ್ಲ, ಗೊತ್ತು. ಗುಡ್ಡದ ಎತ್ತರ, ಇಳಿಜಾರಿನ ಲೆಕ್ಕ ಮಾತ್ರ ಎಲ್ಲ ಕಡೆಗೂ ಒಂದೇ.

ವಾಸನೆ, ಹೊಗೆ, ಬೆಂಕಿ?

ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತೆ, ಚಳಿಗಾಲದಲ್ಲಿ ಮೂಡಣದಿಂದ. ಹಾಗಾಗಿ "ಊರು ಗಾಳಿಗೆ ಎದುರಿಗಿಲ್ಲ" ಅಂತ ವರ್ಷಪೂರ್ತಿ ಯಾರೂ ಹೇಳಲಾರರು.

ನಮ್ಮ ಬಿಸಿಲಿಗೆ ಬೆಂಕಿಯ ಭಯ ಜಾಸ್ತಿ. ಕೊಳೆಯುವ ಕಸದಿಂದ ಮೀಥೇನ್ ಬರುತ್ತೆ, ಒಂದು ಕಿಡಿ ಸಾಕು. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ಜಾಗಕ್ಕೆ ಬೆಂಕಿ ಬಿದ್ದು ಹತ್ತು ದಿನಕ್ಕಿಂತ ಜಾಸ್ತಿ ಊರೆಲ್ಲ ಹೊಗೆ ತುಂಬಿತ್ತು. ದೊಡ್ಡ ನಗರ, ಅಗ್ನಿಶಾಮಕ ಪಡೆ ಎಲ್ಲ ಇದ್ದೂ ಹಾಗಾಯಿತು. ನಿಮ್ಮ ತಾಲ್ಲೂಕಿನ ಅಗ್ನಿಶಾಮಕ ಠಾಣೆಯಲ್ಲಿ ಎಷ್ಟು ಗಾಡಿ ಇವೆ, ಆ ಜಾಗಕ್ಕೆ ಎಷ್ಟು ನಿಮಿಷದ ದಾರಿ, ನೀರು ಎಲ್ಲಿ ತುಂಬಿಕೊಳ್ಳುತ್ತಾರೆ ಅಂತ ಹೋಗಿ ಕೇಳಿ ಬರೆದುಕೊಳ್ಳಿ. ದಿನಾ ಮಣ್ಣು ಮುಚ್ಚುವುದೇ ಬೆಂಕಿಗೂ ವಾಸನೆಗೂ ಮೊದಲ ಮದ್ದು. ಮಣ್ಣು ಮುಚ್ಚದ ದಿನಕ್ಕೆ ದಂಡ ಎಷ್ಟು ಅಂತ ಕರಾರಿನಲ್ಲಿ ಇರಲಿ.

ಲಾರಿಗಳು ಎಷ್ಟು ಓಡಾಡುತ್ತವೆ?

ದಿನಕ್ಕೆ 300 ಟನ್, 10 ಟನ್ನಿನ ಟಿಪ್ಪರ್ ಅಂದರೆ 30 ಗಾಡಿ. ಬರೋದು ಹೋಗೋದು ಸೇರಿ 60. ಹತ್ತು ಗಂಟೆ ಕೆಲಸ ಅಂದರೆ ಹತ್ತು ನಿಮಿಷಕ್ಕೊಂದು. ಅದು ಶಾಲೆ ಮುಂದಿನ ರಸ್ತೆಯೋ, ಸಂತೆ ಬೀದಿಯೋ ನೋಡಿ.

ಊರಿಗೆ ಕೆಲಸ ಸಿಗುತ್ತೆ, ಪುರಸಭೆಗೆ ದುಡ್ಡು ಬರುತ್ತೆ ಅಂತಾರೆ.

ಸ್ವಲ್ಪ ಸಿಗಬಹುದು. ಲ್ಯಾಂಡ್‌ಫಿಲ್‌ನಲ್ಲಿ ಕೆಲಸ ಮಾಡುವುದು ಬಹುತೇಕ ಯಂತ್ರಗಳು. ಕಾವಲುಗಾರ, ತೂಕದ ಸೇತುವೆಯವನು, ಡ್ರೈವರ್, ಒಂದಷ್ಟು ಕೂಲಿ. ಎಷ್ಟು ಜನಕ್ಕೆ, ಕಾಯಂ ಕೆಲಸವೋ ಗುತ್ತಿಗೆಯೋ, ಪಿಎಫ್ ಇದೆಯೋ ಅಂತ ಕಾಗದದಲ್ಲಿ ಕೊಡಲಿ. ಈಗ ಕಸ ಆರಿಸಿ ಬದುಕುವವರಿಗೆ ಏನು ದಾರಿ ಅಂತಲೂ ಕೇಳಿ. ಅವರ ಹೆಸರು ಇಂಥ ಸಭೆಗಳಲ್ಲಿ ಬರೋದೇ ಇಲ್ಲ.

ದುಡ್ಡಿನ ವಿಚಾರದಲ್ಲಿ ಒಂದು ಷರತ್ತಿನ ಬಗ್ಗೆ ಎಚ್ಚರ ಇರಲಿ: "ಪುರಸಭೆ ದಿನಕ್ಕೆ ಕನಿಷ್ಠ ಇಷ್ಟು ಟನ್ ಕೊಡಲೇಬೇಕು, ಕೊಡದಿದ್ದರೂ ಹಣ ಕಟ್ಟಬೇಕು." ಇದಕ್ಕೆ ಸಹಿ ಹಾಕಿದರೆ ಮನೆಯಲ್ಲಿ ಕಸ ಬೇರ್ಪಡಿಸಿದಷ್ಟೂ ಊರಿಗೆ ನಷ್ಟ. ಒಳ್ಳೇ ಕೆಲಸಕ್ಕೆ ದಂಡ ಕಟ್ಟಿದ ಹಾಗೆ. ಪುರಸಭೆ ಕಡೆಯಿಂದ ಗುತ್ತಿಗೆ ಕೊಡುವುದಾದರೆ ರಾಜ್ಯದ ಪಾರದರ್ಶಕತಾ ಕಾಯ್ದೆ ಪ್ರಕಾರ ಟೆಂಡರ್ ಆಗಬೇಕು. ಟೆಂಡರ್ ಇಲ್ಲದೆ ನೇರವಾಗಿ ಕೊಡುವ ಮಾತು ಬಂದರೆ ಯಾವ ವಿನಾಯಿತಿಯಲ್ಲಿ ಅಂತ ಕೇಳಿ.

ಕಂಪನಿ ಎಂಥದ್ದು ಅಂತ ತಿಳಿಯೋದು ಹೇಗೆ?

ದೊಡ್ಡ ಹೆಸರು ಬೋರ್ಡಿನ ಮೇಲೆ ಇರುತ್ತೆ. ಸಹಿ ಹಾಕೋದು ಈ ಒಂದೇ ಯೋಜನೆಗೆ ಹುಟ್ಟಿದ ಹೊಸ ಕಂಪನಿ ಇರಬಹುದು. ಅದರ ಬಂಡವಾಳ ಎಷ್ಟು, ನಿರ್ದೇಶಕರು ಯಾರು ಅಂತ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಡಬಹುದು. ನಾಳೆ ನೀರು ಕೆಟ್ಟರೆ ಹೊಣೆ ಆ ಸಣ್ಣ ಕಂಪನಿಯದಷ್ಟೇನಾ, ಮೂಲ ಕಂಪನಿಯದೂ ಹೌದಾ? ಮೂಲ ಕಂಪನಿ ಜಾಮೀನು ಬರೆದುಕೊಡಬೇಕು.

ಅವರು ಈಗಾಗಲೇ ನಡೆಸುತ್ತಿರುವ ಜಾಗಕ್ಕೆ ಹೋಗಿ ಬನ್ನಿ. ಕಂಪನಿಯ ಗಾಡಿಯಲ್ಲಿ, ಅವರು ಹೇಳಿದ ದಿನ ಹೋಗಬೇಡಿ. ನಿಮ್ಮ ಖರ್ಚಲ್ಲಿ ಹೋಗಿ, ಗೇಟಿನ ಒಳಗಿಗಿಂತ ಹೊರಗಿನ ಊರಲ್ಲಿ ಜಾಸ್ತಿ ಹೊತ್ತು ಕೂರಿ. ಚಹಾ ಅಂಗಡಿಯಲ್ಲಿ ಕೇಳಿ, ನೀರು ತುಂಬುವ ಹೆಣ್ಣುಮಕ್ಕಳನ್ನು ಕೇಳಿ. ರಾತ್ರಿ ಒಂದು ಹೊತ್ತು ಅಲ್ಲೇ ಇದ್ದರೆ ವಾಸನೆ ಏನು ಅಂತ ಗೊತ್ತಾಗುತ್ತೆ.

ಗುಂಡಿ ತುಂಬಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ?

ಸಹಿ ಹಾಕಬೇಕೋ ಬೇಡವೋ ಅನ್ನೋದು ನನ್ನ ಪ್ರಕಾರ ಇದರ ಮೇಲೇ ತೀರ್ಮಾನ ಆಗಬೇಕು. ಲ್ಯಾಂಡ್‌ಫಿಲ್‌ನ ಆಯಸ್ಸು 20–25 ವರ್ಷ ಅಂತ ಲೆಕ್ಕ. ಮುಚ್ಚಿದ ಮೇಲೆ ಕನಿಷ್ಠ 15 ವರ್ಷ ನೋಡಿಕೊಳ್ಳಬೇಕು ಅಂತ 2016ರ ನಿಯಮ ಹೇಳಿತ್ತು. ಅಂದರೆ ಇವತ್ತು ಅಂಗನವಾಡಿಗೆ ಹೋಗುವ ಮಗುವಿಗೆ 40 ದಾಟುವವರೆಗೂ ಯಾರಾದರೂ ರಸ ತೆಗೆಯಬೇಕು, ಅನಿಲ ನೋಡಬೇಕು, ನೀರು ಪರೀಕ್ಷೆ ಮಾಡಿಸಬೇಕು. ಅಷ್ಟು ವರ್ಷ ಆ ಕಂಪನಿ ಬದುಕಿರುತ್ತೆ ಅಂತ ಯಾರು ಬರೆದುಕೊಡುತ್ತಾರೆ? ಆದಾಯ ಬರೋದು ಕಸ ಬೀಳುವ ದಿನಗಳಲ್ಲಿ ಮಾತ್ರ. ಮುಚ್ಚಿದ ಮೇಲೆ ಬರೀ ಖರ್ಚು.

ಅದಕ್ಕೆ ಹಣ ಮೊದಲೇ ಕೂಡಿಡಬೇಕು. ಬೀಳುವ ಪ್ರತಿ ಟನ್ನಿಗೆ ಇಷ್ಟು ರೂಪಾಯಿ ಅಂತ, ಕಂಪನಿ ಒಬ್ಬರೇ ಮುಟ್ಟಲಾಗದ ಎಸ್ಕ್ರೊ ಖಾತೆಗೆ ತಿಂಗಳು ತಿಂಗಳು ಹೋಗಬೇಕು. ಖಾತೆಯ ಲೆಕ್ಕ ಪುರಸಭೆ ಬೋರ್ಡಿನ ಮೇಲೆ ಬರಬೇಕು. "ಮುಚ್ಚುವಾಗ ಕೊಡುತ್ತೇವೆ" ಅನ್ನುವ ಮಾತಿಗೆ ಒಪ್ಪಬೇಡಿ.

ಯಾರ್ಯಾರ ಒಪ್ಪಿಗೆ ಬೇಕು? ನಮ್ಮ ಠರಾವಿಗೆ ಬೆಲೆ ಇದೆಯಾ?

2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ನಗರ ಕಸದ ಸಾಮೂಹಿಕ ಘಟಕಗಳು ಸೇರಿವೆ. ಹಾಗಾಗಿ ಪರಿಸರ ಅನುಮತಿ ಬೇಕು. ಅದನ್ನು ಕೊಡುವುದು ಸಾಮಾನ್ಯವಾಗಿ ರಾಜ್ಯ ಮಟ್ಟದ ಪ್ರಾಧಿಕಾರ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯೂ ಬೇಕು: ಕಟ್ಟಲು ಒಂದು, ನಡೆಸಲು ಇನ್ನೊಂದು. ಜಮೀನಿಗೆ ಕಂದಾಯ ಇಲಾಖೆ.

ಗ್ರಾಮ ಸಭೆ ಅಥವಾ ಪುರಸಭೆಯ ಠರಾವು ಒಂದೇ ಯೋಜನೆಗೆ ಬೀಗ ಹಾಕುತ್ತೆ ಅಂತ ನಂಬಿ ಕೂರಬೇಡಿ. ಆದರೆ ಮುಂದಿನ ಪ್ರತಿ ಮೆಟ್ಟಿಲಲ್ಲೂ ಅದು ಕೆಲಸಕ್ಕೆ ಬರುತ್ತೆ. "ವಿರೋಧಿಸಲಾಗಿದೆ" ಅಂತ ಒಂದು ಸಾಲು ಬರೆದರೆ ಸಾಲದು. ಯಾವ ಬಾವಿ, ಯಾವ ಹಳ್ಳ, ಎಷ್ಟು ಮೀಟರ್ ಅಂತ ಕಾರಣ ಬರೆಸಿ.

ಕಾಗದ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. "ಎಲ್ಲ ದಾಖಲೆ ಕೊಡಿ" ಅಂತ ಕೇಳಿದರೆ ಸುತ್ತಾಡಿಸುತ್ತಾರೆ. ಸರ್ವೆ ನಂಬರ್, ಅರ್ಜಿಯ ದಿನಾಂಕ ಹಾಕಿ ಒಂದೊಂದೇ ಕಾಗದದ ಹೆಸರು ಹೇಳಿ ಕೇಳಿ.

ಸಾರ್ವಜನಿಕ ಅಹವಾಲು ಸಭೆಯಲ್ಲಿ ಏನಾಗುತ್ತೆ?

ಪರಿಸರ ಅನುಮತಿ ಕೊಡುವ ಮುಂಚೆ ಜನರ ಮಾತು ಕೇಳಲು ಮಾಲಿನ್ಯ ನಿಯಂತ್ರಣ ಮಂಡಳಿ ಈ ಸಭೆ ಕರೆಯುತ್ತೆ. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ಮಟ್ಟಕ್ಕೆ ಕಡಿಮೆ ಇಲ್ಲದವರು ಅಧ್ಯಕ್ಷತೆ ವಹಿಸುತ್ತಾರೆ. ಕನಿಷ್ಠ 30 ದಿನ ಮುಂಚೆ ಒಂದು ರಾಷ್ಟ್ರೀಯ ಪತ್ರಿಕೆ, ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಸ್ಥಳೀಯ ಸಂಸ್ಥೆಯಲ್ಲಿ ಪ್ರತಿ ಇರಬೇಕು. ಸಭೆಯ ವಿಡಿಯೊ ಆಗುತ್ತೆ. ನಡಾವಳಿಯನ್ನು ಅಲ್ಲೇ, ಎಲ್ಲರ ಮುಂದೆ, ಕನ್ನಡದಲ್ಲಿ ಓದಿ ಹೇಳಬೇಕು. ಓದದೆ ಎದ್ದು ಹೊರಟರೆ ಕೈ ಎತ್ತಿ ಕೇಳಿ, ಅದೂ ವಿಡಿಯೊದಲ್ಲಿ ಬರಲಿ.

ಸಭೆಗೆ ಇಷ್ಟೇ ಜನ ಬರಬೇಕು ಅನ್ನುವ ಕೋರಂ ಇಲ್ಲ. ನಾಲ್ಕು ಜನ ಬಂದರೂ ಸಭೆ ಆಯಿತು ಅಂತಲೇ ಲೆಕ್ಕ. ಬಹಿಷ್ಕಾರ ಹಾಕಿ ಮನೆಯಲ್ಲಿ ಕೂತರೆ ನಿಮ್ಮ ಮಾತು ಕಡತಕ್ಕೆ ಹೋಗೋದಿಲ್ಲ. ಗಲಾಟೆ ಮಾಡಿದರೆ ವಿಡಿಯೊದಲ್ಲಿ ಗಲಾಟೆ ಮಾತ್ರ ಉಳಿಯುತ್ತೆ. ಒಬ್ಬೊಬ್ಬರು ಒಂದೊಂದು ವಿಷಯ ಹಂಚಿಕೊಂಡು ಮಾತಾಡಿ. ತನ್ನ ಬಾವಿಯ ಬಗ್ಗೆ ಮಾತಾಡುವ ಹೆಣ್ಣುಮಗಳ ಎರಡು ನಿಮಿಷ, ಮುಖಂಡರ ಅರ್ಧ ಗಂಟೆಗಿಂತ ಗಟ್ಟಿ.

ಜಾಗ ಅಧಿಸೂಚಿತ ಕೈಗಾರಿಕಾ ಪ್ರದೇಶದ ಒಳಗಿದ್ದರೆ ಈ ಸಭೆಯಿಂದ ವಿನಾಯಿತಿ ಕೇಳುವ ದಾರಿ ಇದೆ. ಹಾಗೇನಾದರೂ ಇದೆಯಾ ಅಂತ ಮೊದಲೇ ನೋಡಿ.

ಅನುಮತಿ ಕೊಟ್ಟೇಬಿಟ್ಟರೆ?

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ನಮಗೆ ಚೆನ್ನೈನ ದಕ್ಷಿಣ ಪೀಠ. ಅವಧಿ 30 ದಿನ. ತಕ್ಕ ಕಾರಣ ತೋರಿಸಿದರೆ ಇನ್ನೂ 60 ದಿನದವರೆಗೆ ಕೊಡಬಹುದು, ಆಮೇಲೆ ಇಲ್ಲ. ಆದೇಶ ಬಂದ ದಿನವೇ ವಕೀಲರನ್ನು ನೋಡಿ.

ಬೇಡ ಅಂದ್ರೆ ನಮ್ಮೂರ ಕಸ ಎಲ್ಲಿಗೆ ಹೋಗಬೇಕು?

ನ್ಯಾಯವಾದ ಪ್ರಶ್ನೆ. ಬೇರೆಯವರ ಕಸ ಬೇಡ ಅನ್ನುವ ಊರು ತನ್ನ ಕಸವನ್ನು ಹಳ್ಳಕ್ಕೆ ಸುರಿಯಬಾರದು. ಹಸಿ ಕಸಕ್ಕೆ ಗೊಬ್ಬರದ ತೊಟ್ಟಿ, ಒಣ ಕಸಕ್ಕೆ ವಿಂಗಡಣೆ ಕೇಂದ್ರ. ನಮ್ಮ ರಾಜ್ಯದ ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಮಹಿಳಾ ಸ್ವಸಹಾಯ ಸಂಘದವರೇ ಸ್ವಚ್ಛ ವಾಹಿನಿ ಅನ್ನುವ ಕಸದ ಗಾಡಿ ಓಡಿಸಿ, ಕಸ ವಿಂಗಡಿಸಿ ನಡೆಸುತ್ತಿದ್ದಾರೆ. ಮಾರಾಟವಾಗದ ಪ್ಲಾಸ್ಟಿಕ್, ಚಿಂದಿಯನ್ನು ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಇಂಧನವಾಗಿ ಕಳಿಸಬಹುದು. ಕಲಬುರಗಿ ಜಿಲ್ಲೆಯ ಸೇಡಂ, ಮಳಖೇಡ, ವಾಡಿಯಲ್ಲಿ ಅಂಥ ಕಾರ್ಖಾನೆಗಳಿವೆ. ಇಷ್ಟಾದ ಮೇಲೆ ಉಳಿಯುವ ಕಲ್ಲು, ಮಣ್ಣು, ಗಾಜಿನ ಚೂರಿಗೆ ಊರಿಗೆ ತಕ್ಕ ಸಣ್ಣ ಗುಂಡಿ ಸಾಕು. ಪುರಸಭೆಯ ಕೈಯಲ್ಲೇ ಇರುವ ಗುಂಡಿ, ಅಥವಾ ಅಕ್ಕಪಕ್ಕದ ಎರಡು ಮೂರು ಊರು ಸೇರಿ ಮಾಡಿಕೊಂಡದ್ದು. ನಾನಾದರೆ ಇದನ್ನೇ ಆರಿಸುತ್ತೇನೆ.

ಎಲ್ಲ ನೋಡಿ ಒಪ್ಪೋಣ ಅಂತ ಊರು ತೀರ್ಮಾನಿಸಿದರೆ?

ಒಪ್ಪುವ ಊರೂ ಇರಬಹುದು, ಅದು ಅವರ ಹಕ್ಕು. ಆಗ ಕರಾರು ಬಿಗಿಯಾಗಿರಲಿ. ಯಾವ ಊರುಗಳ ಕಸ ಅಂತ ಹೆಸರು ಸಮೇತ ಪಟ್ಟಿ, ದಿನಕ್ಕೆ ಗರಿಷ್ಠ ಟನ್, ಕಾರ್ಖಾನೆ ಮತ್ತು ಆಸ್ಪತ್ರೆ ಕಸ ಪೂರ್ತಿ ನಿಷೇಧ. ತೂಕದ ಸೇತುವೆಯ ದಿನದ ಲೆಕ್ಕ ಜನರಿಗೆ ಕಾಣಬೇಕು. ನೀರಿನ ಪರೀಕ್ಷೆ ಊರು ಆರಿಸಿದ ಲ್ಯಾಬಿನಲ್ಲಿ, ಕಂಪನಿಯ ಖರ್ಚಲ್ಲಿ. ಒಂದು ಬೋರು ಕೆಟ್ಟರೂ ತಕ್ಷಣ ಕುಡಿಯುವ ನೀರು ಕೊಡಬೇಕು, ಯಾರ ತಪ್ಪು ಅಂತ ಸಾಬೀತಾಗುವವರೆಗೆ ಕಾಯಿಸಬಾರದು. ತಳದ ಹಾಳೆ ಹಾಸುವ ದಿನಗಳಲ್ಲಿ ಊರಿನ ನಾಲ್ಕು ಜನ ಅಲ್ಲಿ ನಿಂತು ನೋಡಲು ಹಕ್ಕಿರಬೇಕು. ಕಂಪನಿ ಇನ್ನೊಬ್ಬರಿಗೆ ಮಾರುವುದಾದರೆ ಪುರಸಭೆಯ ಒಪ್ಪಿಗೆ ಬೇಕು. ಕರಾರು ಕನ್ನಡದಲ್ಲಿರಲಿ, ಸಹಿಗೆ ಮುಂಚೆ ಒಂದು ತಿಂಗಳು ನೋಟಿಸ್ ಬೋರ್ಡಿನಲ್ಲಿ ತೂಗಲಿ.

ಅಹವಾಲು ಸಭೆ ನಾಳೆನೇ ಇದೆ. ನಮ್ಮ ಹತ್ರ ಏನೂ ಸಿದ್ಧ ಇಲ್ಲ.

ಇವತ್ತು ರಾತ್ರಿ ನಾಲ್ಕು ಜನ ಒಂದು ಕಟ್ಟೆ ಮೇಲೆ ಕೂರಿ. ಜಾಗದ ಸುತ್ತಲಿನ ಬಾವಿ, ಬೋರು, ಕೆರೆ, ಹಳ್ಳ, ಶಾಲೆಗಳ ಪಟ್ಟಿ ಮಾಡಿ, ಮೊಬೈಲಿನ ನಕ್ಷೆಯಲ್ಲಿ ದೂರ ಅಳೆದು ಪಕ್ಕದಲ್ಲಿ ಬರೆಯಿರಿ. ಕೆಳಗೆ ಐದು ಪ್ರಶ್ನೆ ಹಾಕಿ: ಯಾರ ಕಸ, ಯಾವ ಕಸ, ದಿನಕ್ಕೆ ಎಷ್ಟು, ನೀರು ಕೆಟ್ಟರೆ ಯಾರು ಹೊಣೆ, ಮುಚ್ಚಿದ ಮೇಲಿನ ಹಣ ಎಲ್ಲಿದೆ. ಬಾವಿಯ ಮಾಲೀಕರಿಂದ ಸಹಿ ಮಾಡಿಸಿ, ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ. ಮೂರು ಪ್ರತಿ ಜೆರಾಕ್ಸ್ ಮಾಡಿಸಿ. ಒಂದು ಜಿಲ್ಲಾಧಿಕಾರಿಗೆ, ಒಂದು ಮಂಡಳಿಯ ಪರಿಸರ ಅಧಿಕಾರಿಗೆ. ಮೂರನೆಯದರ ಮೇಲೆ ದಿನಾಂಕ ಹಾಕಿಸಿ, ಸೀಲು ಒತ್ತಿಸಿಕೊಂಡು ಮನೆಗೆ ತನ್ನಿ.